ಹತ್ತು ಟ್ರೋಫಿ, ಮೂರು ಬದಿಯ ಮೈದಾನ: ಬಿಷಪ್ ಆಕ್ಲೆಂಡ್ ಕ್ಲಬ್ಬಿನ ಇತಿಹಾಸ

ಸಣ್ಣ ಊರಿನ ಫುಟ್‌ಬಾಲ್ ಕ್ಲಬ್ಬೊಂದರ ಇತಿಹಾಸ ಹೇಳಲು ಹೊರಟವರು ಸಾಮಾನ್ಯವಾಗಿ ಅದು ಗೆದ್ದ ಟ್ರೋಫಿಗಳಿಂದ ಆರಂಭಿಸುತ್ತಾರೆ. ನಾನೂ ಅವುಗಳನ್ನು ಹೇಳುತ್ತೇನೆ, ಏಕೆಂದರೆ ಇವತ್ತು ನಾನು ಆಯ್ದುಕೊಂಡಿರುವ ಕ್ಲಬ್ಬು ಗೆದ್ದದ್ದು ಕಡಿಮೆಯೇನಲ್ಲ. ಆದರೆ ನಿಮ್ಮ ಗಮನ ಮೊದಲಿನಿಂದಲೂ ಎರಡು ಪ್ರಶ್ನೆಗಳ ಮೇಲಿರಲಿ ಎಂದು ಕೇಳಿಕೊಳ್ಳುತ್ತೇನೆ. ಆಟಗಾರನ ಹೊಟ್ಟೆಪಾಡು ಎಲ್ಲಿಂದ ನಡೆಯುತ್ತಿತ್ತು? ಅವನ ಕಾಲಡಿಯ ನೆಲ ಯಾರದಾಗಿತ್ತು? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ಹೋದರೆ ಟ್ರೋಫಿಗಳ ಪಟ್ಟಿ ಹೇಳದ ಸಂಗತಿಗಳು ಹೊರಬರುತ್ತವೆ.

ನಾನು ಹೇಳುತ್ತಿರುವುದು ಇಂಗ್ಲೆಂಡಿನ ಈಶಾನ್ಯ ಭಾಗದ ಡರಮ್ ಕೌಂಟಿಯಲ್ಲಿ, ವಿಯರ್ ನದಿಯ ದಂಡೆಯ ಮೇಲಿರುವ ಬಿಷಪ್ ಆಕ್ಲೆಂಡ್ ಎಂಬ ಊರಿನ ಬಗ್ಗೆ. ನಮ್ಮ ಲೆಕ್ಕದಲ್ಲಿ ಅದೊಂದು ಮಧ್ಯಮ ಗಾತ್ರದ ತಾಲ್ಲೂಕು ಕೇಂದ್ರಕ್ಕಿಂತ ದೊಡ್ಡದಲ್ಲ. ಊರಿನ ಹೆಸರಿಗೆ ಕಾರಣವಾದ ಬಿಷಪ್ಪನ ಅರಮನೆ ಪೇಟೆಯ ಒಂದು ತುದಿಯಲ್ಲಿದೆ. ಉಳಿದ ಮೂರು ದಿಕ್ಕಿಗೂ ಒಂದು ಕಾಲದಲ್ಲಿ ಕಲ್ಲಿದ್ದಲ ಗಣಿಗಳಿದ್ದವು. ಕೆಲವೇ ಮೈಲಿ ದೂರದ ಶಿಲ್ಡನ್‌ನಿಂದ 1825ರ ಸೆಪ್ಟೆಂಬರ್ 27ರಂದು ಸ್ಟಾಕ್‌ಟನ್ ಮತ್ತು ಡಾರ್ಲಿಂಗ್‌ಟನ್ ರೈಲ್ವೆಯ ಮೊದಲ ಉಗಿಬಂಡಿ ಹೊರಟಿತು. ಇಲ್ಲಿ ಕೂತಿರುವ ಹಿರಿಯರಲ್ಲಿ ಹಲವರು ಲಾರೆಲ್ ಮತ್ತು ಹಾರ್ಡಿ ಜೋಡಿಯ ಸಿನಿಮಾಗಳನ್ನು ನೋಡಿ ನಕ್ಕವರಿರುತ್ತೀರಿ. ಆ ಜೋಡಿಯ ಸ್ಟ್ಯಾನ್ ಲಾರೆಲ್ ಬಾಲ್ಯದ ಕೆಲವು ವರ್ಷಗಳನ್ನು ಕಳೆದದ್ದು ಈ ಊರಿನಲ್ಲಿ. ಅವರ ತಂದೆ ಅಲ್ಲಿನ ಈಡನ್ ರಂಗಮಂದಿರವನ್ನು ನಡೆಸುತ್ತಿದ್ದರು. ಇಷ್ಟನ್ನು ಹೇಳಿದ್ದು ಊರಿನ ಚಿತ್ರ ನಿಮ್ಮ ಕಣ್ಣ ಮುಂದೆ ಬರಲಿ ಎಂದು: ಒಂದು ಅರಮನೆ, ಒಂದು ಸಂತೆಪೇಟೆ, ಒಂದು ನಾಟಕಶಾಲೆ, ಸುತ್ತಲೂ ಗಣಿ ಮತ್ತು ರೈಲು.

ಕ್ಲಬ್ಬು ಹುಟ್ಟಿದ್ದು ಗಣಿಯಿಂದ ಅಲ್ಲ, ಅರಮನೆಯಿಂದ. 1879ರಿಂದ 1889ರವರೆಗೆ ಡರಮ್‌ನ ಬಿಷಪ್ಪರಾಗಿದ್ದ ಜೋಸೆಫ್ ಲೈಟ್‌ಫುಟ್ ಅವರು ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳಲ್ಲಿ ಓದು ಮುಗಿಸಿದ ತರುಣರನ್ನು ತಮ್ಮ ಅರಮನೆಗೆ ಕರೆಸಿಕೊಂಡು ಪಾದ್ರಿಗಳಾಗಲು ತರಬೇತಿ ಕೊಡುತ್ತಿದ್ದರು. ಆ ತರುಣರು ತಮ್ಮ ಜೊತೆ ಫುಟ್‌ಬಾಲನ್ನೂ ತಂದರು. ಕ್ಲಬ್ಬು ತನ್ನ ಹುಟ್ಟುವರ್ಷವನ್ನು 1886 ಎಂದು ಎಣಿಸುತ್ತದೆ. ಆಕ್ಸ್‌ಫರ್ಡಿನ ಕಡುನೀಲಿ ಮತ್ತು ಕೇಂಬ್ರಿಜ್‌ನ ತಿಳಿನೀಲಿ ಬಣ್ಣಗಳು ಸೇರಿ ಅದರ ಅಂಗಿಯಾಯಿತು. ಇಂದಿಗೂ ಅಲ್ಲಿನ ಜನ ಅದನ್ನು ‘ಎರಡು ನೀಲಿಗಳು’ ಎಂದೇ ಕರೆಯುತ್ತಾರೆ. ವಿದ್ಯಾರ್ಥಿಗಳು ತರಬೇತಿ ಮುಗಿಸಿ ತಮ್ಮ ತಮ್ಮ ಚರ್ಚುಗಳಿಗೆ ಹೊರಟುಹೋದರು. ಅಂಗಿಯ ಬಣ್ಣ ಊರಿನಲ್ಲೇ ಉಳಿಯಿತು, ಮತ್ತು ಬಹಳ ಬೇಗ ಅದನ್ನು ತೊಟ್ಟವರು ಗಣಿ, ರೈಲು, ಅಂಗಡಿ, ಶಾಲೆಗಳಲ್ಲಿ ದುಡಿಯುವ ಸ್ಥಳೀಯರಾದರು.

ಈ ಬದಲಾವಣೆ ನಡೆಯುತ್ತಿದ್ದಾಗಲೇ ಇಂಗ್ಲಿಷ್ ಫುಟ್‌ಬಾಲ್ ಎರಡು ಹೋಳಾಯಿತು. ಆಟಗಾರನಿಗೆ ಸಂಬಳ ಕೊಡುವುದನ್ನು ಫುಟ್‌ಬಾಲ್ ಅಸೋಸಿಯೇಷನ್ (ಎಫ್‌ಎ) ಎಂಬ ಆಡಳಿತ ಸಂಸ್ಥೆ 1885ರಲ್ಲಿ ಕಾನೂನುಬದ್ಧಗೊಳಿಸಿತು. ಲ್ಯಾಂಕಶೈರಿನ ಹತ್ತಿಗಿರಣಿ ಪಟ್ಟಣಗಳ ಕ್ಲಬ್ಬುಗಳು ಬೇಗನೆ ವೃತ್ತಿಪರವಾದವು. ಸಂಬಳವಿಲ್ಲದೆ ಆಡುವವರಿಗೆ ಎಫ್‌ಎ ಕಪ್ ಎಂಬ ದೊಡ್ಡ ಕಪ್ ಗೆಲ್ಲುವ ಆಸೆಯೇ ಇಲ್ಲದಂತಾದಾಗ, ಅವರಿಗಾಗಿ ಬೇರೆಯದೇ ಸ್ಪರ್ಧೆಯೊಂದನ್ನು 1893ರಲ್ಲಿ ಆರಂಭಿಸಲಾಯಿತು. ಅದೇ ಎಫ್‌ಎ ಅಮೆಚೂರ್ ಕಪ್, ಅಂದರೆ ಹವ್ಯಾಸಿಗಳ ಕಪ್. ಅದಕ್ಕೂ ಮೊದಲೇ, 1889ರಲ್ಲಿ, ಈಶಾನ್ಯದ ಕ್ಲಬ್ಬುಗಳು ಸೇರಿ ನಾರ್ದರ್ನ್ ಲೀಗ್ ಎಂಬ ಕೂಟವನ್ನು ಕಟ್ಟಿಕೊಂಡಿದ್ದವು. ಇಂದಿಗೂ ನಡೆಯುತ್ತಿರುವ ಫುಟ್‌ಬಾಲ್ ಲೀಗ್‌ಗಳಲ್ಲಿ ಅದು ಜಗತ್ತಿನಲ್ಲೇ ಎರಡನೆಯ ಹಳೆಯದು. ಅದರ ಸ್ಥಾಪಕ ಸದಸ್ಯರಲ್ಲಿ ಬಿಷಪ್ ಆಕ್ಲೆಂಡ್ ಕೂಡ ಒಂದು.

ಕ್ಲಬ್ಬು ಅಮೆಚೂರ್ ಕಪ್ಪನ್ನು ಮೊದಲ ಬಾರಿ ಗೆದ್ದದ್ದು 1896ರಲ್ಲಿ, ಲೆಸ್ಟರ್‌ನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಸೈನಿಕರ ತಂಡವೊಂದನ್ನು ಒಂದು ಗೋಲಿನಿಂದ ಸೋಲಿಸಿ. 1900ರಲ್ಲಿ ಎರಡನೆಯದು, 1914ರಲ್ಲಿ ಮೂರನೆಯದು, ಮಹಾಯುದ್ಧ ಮುಗಿದ ಮೇಲೆ 1921 ಮತ್ತು 1922ರಲ್ಲಿ ಸಾಲಾಗಿ ಎರಡು, ಬಳಿಕ 1935 ಮತ್ತು 1939. ಎರಡನೆಯ ಮಹಾಯುದ್ಧ ಆರಂಭವಾಗುವ ಹೊತ್ತಿಗೆ ಏಳು ಗೆಲುವುಗಳಾಗಿದ್ದವು. ಇವುಗಳ ಪೈಕಿ 1935ರ ಗೆಲುವನ್ನು ನೆನಪಿಟ್ಟುಕೊಳ್ಳಿ; ಆ ವರ್ಷ ಮರುಪಂದ್ಯದಲ್ಲಿ ಸೋತ ತಂಡದ ಹೆಸರು ವಿಂಬಲ್ಡನ್. ಮಾತಿನ ಕೊನೆಗೆ ಅದರ ಅಗತ್ಯ ಬೀಳುತ್ತದೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಪಕ್ಕದ ಊರಿಗೆ ಹೋಗಿಬರೋಣ. ಬಿಷಪ್ ಆಕ್ಲೆಂಡಿನಿಂದ ನಡೆದುಹೋಗಬಹುದಾದ ದೂರದಲ್ಲಿ ವೆಸ್ಟ್ ಆಕ್ಲೆಂಡ್ ಎಂಬ ಗಣಿಹಳ್ಳಿಯಿದೆ. ಚಹಾ ವ್ಯಾಪಾರದಿಂದ ಹೆಸರು ಮಾಡಿದ ಥಾಮಸ್ ಲಿಪ್ಟನ್ ಅವರ ಹೆಸರಿನ ಟ್ರೋಫಿಗಾಗಿ 1909ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಅಂತರರಾಷ್ಟ್ರೀಯ ಪಂದ್ಯಾವಳಿ ನಡೆದಾಗ, ಇಂಗ್ಲೆಂಡನ್ನು ಪ್ರತಿನಿಧಿಸಲು ಹೋದದ್ದು ಈ ಹಳ್ಳಿಯ ಗಣಿಕಾರ್ಮಿಕರ ತಂಡ. ಅವರು ಗೆದ್ದು ಬಂದರು. 1911ರಲ್ಲಿ ಮತ್ತೆ ಹೋಗಿ, ಅಂತಿಮ ಪಂದ್ಯದಲ್ಲಿ ಯುವೆಂಟಸ್ ತಂಡವನ್ನು 6-1ರಿಂದ ಸೋಲಿಸಿದರು. ಎರಡು ಬಾರಿ ಗೆದ್ದ ಕಾರಣ ಟ್ರೋಫಿ ಅವರದೇ ಆಯಿತು. ಆದರೆ ಪ್ರಯಾಣದ ಸಾಲ ಹೆಗಲೇರಿತ್ತು. ಅದನ್ನು ತೀರಿಸಲು ಟ್ರೋಫಿಯನ್ನು ಊರಿನ ಹೋಟೆಲಿನ ಒಡತಿಯ ಬಳಿ 40 ಪೌಂಡಿಗೆ ಒತ್ತೆ ಇಡಬೇಕಾಯಿತು. ಅದು ಊರಿಗೆ ಮರಳಿದ್ದು 1960ರಲ್ಲಿ, 100 ಪೌಂಡ್ ಕೊಟ್ಟ ಮೇಲೆ. 1994ರಲ್ಲಿ ಅದು ಕಳುವಾಯಿತು. ಈಗ ಅಲ್ಲಿರುವುದು ಅದರ ಪ್ರತಿಕೃತಿ. ನಾನು ಈ ಕಥೆಯನ್ನು ಹೇಳುವುದು ಅದರ ಸೊಗಸಿಗಾಗಿ ಮಾತ್ರವಲ್ಲ. ಸಂಬಳ ಪಡೆಯದ ಆಟಗಾರ ಎಂದರೆ ಖರ್ಚಿಲ್ಲದ ಆಟಗಾರ ಎಂದು ನಾವು ಸುಲಭವಾಗಿ ಭಾವಿಸಿಬಿಡುತ್ತೇವೆ. ಗಣಿಗೆ ಇಳಿಯದ ದಿನದ ಕೂಲಿ ಹೋಯಿತು, ರೈಲಿನ ಟಿಕೆಟ್ಟು ಬಂತು, ಬೂಟು ಹರಿಯಿತು, ಕಾಲು ಮುರಿದರೆ ಮನೆಯ ಒಲೆಯೇ ಆರಿತು. ಈ ವೆಚ್ಚವನ್ನು ಯಾರೋ ಒಬ್ಬರು ಭರಿಸಲೇಬೇಕು. ವೆಸ್ಟ್ ಆಕ್ಲೆಂಡಿನಲ್ಲಿ ಅದನ್ನು ಭರಿಸಿದ್ದು ಗೆದ್ದ ಟ್ರೋಫಿಯೇ.

ಉಳಿದ ಕಡೆಗಳಲ್ಲಿ ಅದನ್ನು ಗುಟ್ಟಾಗಿ ಭರಿಸಲಾಗುತ್ತಿತ್ತು. ಪಂದ್ಯ ಮುಗಿದ ಮೇಲೆ ಆಟಗಾರ ತನ್ನ ಬೂಟಿನೊಳಗೆ ಕೈಹಾಕಿದರೆ ಒಂದಿಷ್ಟು ಹಣ ಸಿಗುತ್ತಿತ್ತು, ಯಾರು ಇಟ್ಟರೆಂದು ಯಾರೂ ಕೇಳುತ್ತಿರಲಿಲ್ಲ. ಪ್ರಯಾಣಭತ್ಯೆಯ ಪಟ್ಟಿಯಲ್ಲಿ ಮೂರು ಮೈಲಿ ಮೂವತ್ತಾಗುವುದೂ ಇತ್ತು. 1920ರ ದಶಕದ ಕೊನೆಯಲ್ಲಿ ಇದು ಬಯಲಿಗೆ ಬಂತು. ನೆರೆಯ ಕ್ರೂಕ್ ಟೌನ್ ಕ್ಲಬ್ಬಿನ ಮೇಲೆ ಅಸೋಸಿಯೇಷನ್ ಕ್ರಮ ಕೈಗೊಂಡಾಗ, ತಾವೊಬ್ಬರೇ ಹೀಗೆ ಮಾಡಿದವರಲ್ಲ ಎಂದು ಅವರು ಉಳಿದವರತ್ತ ಬೊಟ್ಟು ಮಾಡಿದರು. ತನಿಖೆ ಹರಡಿತು. ಡರಮ್ ಕೌಂಟಿಯೊಂದರಲ್ಲೇ ಮುನ್ನೂರಕ್ಕೂ ಹೆಚ್ಚು ಆಟಗಾರರನ್ನು ಅಮಾನತು ಮಾಡಲಾಯಿತು. ಇದನ್ನು ಅಪ್ರಾಮಾಣಿಕತೆ ಎಂದು ತೀರ್ಪು ಕೊಡುವವರಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಅಮೆಚೂರ್ ನಿಯಮವನ್ನು ಬರೆದವರು ಆಸ್ತಿಯಿಂದ ಬದುಕುವ ಮನೆತನಗಳಿಂದ ಬಂದವರು. ಶನಿವಾರದ ಮಧ್ಯಾಹ್ನ ಅವರಿಗೆ ಬೆಲೆ ತೆರದೆ ಸಿಗುತ್ತಿತ್ತು. ಗಣಿಕಾರ್ಮಿಕನಿಗೆ ಅದೇ ಮಧ್ಯಾಹ್ನಕ್ಕೆ ಕೂಲಿಯ ಬೆಲೆಯಿತ್ತು. ಒಂದೇ ನಿಯಮ ಇಬ್ಬರ ಮೇಲೂ ಒಂದೇ ತೂಕದಲ್ಲಿ ಬೀಳಲಿಲ್ಲ.

ನಮಗೆ ಇದು ಅಪರಿಚಿತವಾದ ವ್ಯವಸ್ಥೆಯೂ ಅಲ್ಲ. ಬೆಂಗಳೂರಿನ ಎಚ್‌ಎಎಲ್, ಐಟಿಐ ಮೊದಲಾದ ಕಾರ್ಖಾನೆಗಳು ಒಳ್ಳೆಯ ಫುಟ್‌ಬಾಲ್ ಆಟಗಾರರಿಗೆ ಕೆಲಸ ಕೊಟ್ಟು ತಂಡ ಕಟ್ಟಿದವು. ಆ ಆಟಗಾರರಿಗೆ ಸಂಬಳ ಬರುತ್ತಿದ್ದುದು ಕಾರ್ಖಾನೆಯ ಹಾಜರಿಪುಸ್ತಕದ ಮೇಲೆ, ಆಟದ ಮೇಲಲ್ಲ. ಕಾಗದದಲ್ಲಿ ಅವರು ಕಾರ್ಮಿಕರು, ಮೈದಾನದಲ್ಲಿ ಆಟಗಾರರು. ಡರಮ್‌ನಲ್ಲಿ ಗುಟ್ಟಾಗಿ ನಡೆದದ್ದನ್ನು ನಾವು ಕ್ರೀಡಾ ಮೀಸಲಾತಿಯ ಹೆಸರಿನಲ್ಲಿ ಬಹಿರಂಗವಾಗಿ, ಗೌರವಯುತವಾಗಿ ಮಾಡಿದೆವು. ನಮ್ಮ ಹಲವು ಕುಟುಂಬಗಳು ಆ ನೌಕರಿಗಳ ಮೇಲೆ ನೆಲೆಯಾದವು.

ಈಗ ಕ್ಲಬ್ಬಿನ ಉತ್ತುಂಗದ ವರ್ಷಗಳಿಗೆ ಬರೋಣ. 1946ರಿಂದ 1957ರವರೆಗಿನ ಹನ್ನೆರಡು ಋತುಗಳಲ್ಲಿ ಬಿಷಪ್ ಆಕ್ಲೆಂಡ್ ಏಳು ಬಾರಿ ಅಮೆಚೂರ್ ಕಪ್ಪಿನ ಅಂತಿಮ ಪಂದ್ಯ ಆಡಿತು. ಮೊದಲ ನಾಲ್ಕರಲ್ಲೂ ಸೋತಿತು. 1946ರಲ್ಲಿ ಬಾರ್ನೆಟ್ ವಿರುದ್ಧ. 1950ರಲ್ಲಿ, ವೆಂಬ್ಲಿ ಕ್ರೀಡಾಂಗಣದಲ್ಲಿ, ತನ್ನ ಮಗ್ಗುಲಲ್ಲೇ ಇರುವ ವಿಲ್ಲಿಂಗ್‌ಟನ್ ವಿರುದ್ಧ ನಾಲ್ಕು ಗೋಲುಗಳಿಂದ. 1951ರಲ್ಲಿ ಪೆಗಾಸಸ್ ಎಂಬ ತಂಡದ ವಿರುದ್ಧ. ಅದು ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿದ್ಯಾರ್ಥಿಗಳು ಸೇರಿ ಕಟ್ಟಿದ ತಂಡ. ತಮ್ಮ ಅಂಗಿಗೆ ಬಣ್ಣ ಕೊಟ್ಟ ವಿಶ್ವವಿದ್ಯಾಲಯಗಳ ಹುಡುಗರ ಎದುರೇ ಗಣಿನಾಡಿನ ಕ್ಲಬ್ಬು 2-1ರಿಂದ ಸೋತಿತು. ನಾಲ್ಕನೆಯ ಸೋಲು 1954ರದು, ಮತ್ತು ಅದರ ಬಗ್ಗೆ ತುಸು ವಿವರವಾಗಿ ಹೇಳಬೇಕು.

ಆ ವರ್ಷ ಎದುರಾಳಿ ಕ್ರೂಕ್ ಟೌನ್. ಎರಡೂ ಊರುಗಳ ನಡುವೆ ಇರುವುದು ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ಈ ಎರಡು ತಂಡಗಳು ಒಂದನ್ನೊಂದು ಎದುರಿಸಲು ಇಂಗ್ಲೆಂಡಿನ ಉದ್ದಕ್ಕೂ ಇಳಿದು ಲಂಡನ್ನಿಗೆ ಹೋದವು, ಅವುಗಳ ಹಿಂದೆ ಊರಿಗೆ ಊರೇ ರೈಲು ಹತ್ತಿತು. ವೆಂಬ್ಲಿಯಲ್ಲಿ ಒಂದು ಲಕ್ಷ ಪ್ರೇಕ್ಷಕರ ಎದುರು ಪಂದ್ಯ 2-2ರಲ್ಲಿ ನಿಂತಿತು. ಮರುಪಂದ್ಯ ನ್ಯೂಕಾಸಲ್‌ನ ಸೇಂಟ್ ಜೇಮ್ಸ್ ಪಾರ್ಕಿನಲ್ಲಿ, ಅದೂ 2-2. ಮೂರನೆಯ ಪಂದ್ಯ ಮಿಡಲ್ಸ್‌ಬರೋದ ಏರ್ಸಮ್ ಪಾರ್ಕಿನಲ್ಲಿ, ಅಲ್ಲಿ ಕ್ರೂಕ್ ಟೌನ್ 1-0ರಿಂದ ಗೆದ್ದಿತು. ಮೂರೂ ಪಂದ್ಯಗಳ ಪ್ರೇಕ್ಷಕರನ್ನು ಕೂಡಿಸಿದರೆ ಎರಡು ಲಕ್ಷಕ್ಕೆ ಹತ್ತಿರವಾಗುತ್ತದೆ. ಟೆಲಿವಿಷನ್ ಇನ್ನೂ ಮನೆಮನೆಗೆ ಬಂದಿರಲಿಲ್ಲ, ಯುದ್ಧಕಾಲದ ಪಡಿತರ ವ್ಯವಸ್ಥೆ ಆ ವರ್ಷವಷ್ಟೇ ಕೊನೆಗೊಳ್ಳುವುದರಲ್ಲಿತ್ತು, ಜನರ ಕೈಯಲ್ಲಿ ಒಂದಿಷ್ಟು ಕೂಲಿಯ ಹಣವಿತ್ತು, ಅದನ್ನು ಖರ್ಚು ಮಾಡಲು ಇದ್ದ ದಾರಿಗಳು ಕಡಿಮೆ. ಈ ಕಾರಣಗಳೆಲ್ಲ ನಿಜ. ಆದರೂ ಪ್ರತಿ ವಾರ ಪಕ್ಕದ ಬೆಂಚಿನಲ್ಲಿ, ಪಕ್ಕದ ತರಗತಿಯಲ್ಲಿ, ಗಣಿಯ ಅದೇ ಪಾಳಿಯಲ್ಲಿ ಕಾಣುವ ಮನುಷ್ಯ ವೆಂಬ್ಲಿಯಲ್ಲಿ ಆಡುತ್ತಾನೆ ಎಂಬುದೇ ಜನರನ್ನು ರೈಲಿಗೆ ಹತ್ತಿಸಿದ ಮುಖ್ಯ ಸಂಗತಿ ಎಂದು ನನಗೆ ಅನ್ನಿಸುತ್ತದೆ.

ಆ ಸೋಲಿನ ಬಳಿಕ ಬಂದದ್ದು ಬೇರೆ ಯಾವ ಕ್ಲಬ್ಬೂ ಸಾಧಿಸದ ಮೂರು ವರ್ಷಗಳು. 1955ರಲ್ಲಿ ಹೆಂಡನ್ ವಿರುದ್ಧ 2-0. 1956ರಲ್ಲಿ ಕೊರಿಂಥಿಯನ್ ಕ್ಯಾಷುಯಲ್ಸ್ ವಿರುದ್ಧ ಮರುಪಂದ್ಯದಲ್ಲಿ 4-1. 1957ರಲ್ಲಿ ವಿಕಮ್ ವಾಂಡರರ್ಸ್ ವಿರುದ್ಧ 3-1. ಅಮೆಚೂರ್ ಕಪ್ಪನ್ನು ಸಾಲಾಗಿ ಮೂರು ಬಾರಿ ಗೆದ್ದ ಏಕೈಕ ಕ್ಲಬ್ಬು ಇದು, ಮತ್ತು ಒಟ್ಟು ಹತ್ತು ಬಾರಿ ಗೆದ್ದದ್ದೂ ಇದೊಂದೇ. ವಿಕಮ್ ಎಂಬ ಹೆಸರನ್ನೂ ವಿಂಬಲ್ಡನ್ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಇದೇ ಅವಧಿಯಲ್ಲಿ, 1954-55ರ ಋತುವಿನ ಎಫ್‌ಎ ಕಪ್ಪಿನಲ್ಲಿ ಈ ಹವ್ಯಾಸಿಗಳು ವೃತ್ತಿಪರ ತಂಡಗಳ ಎದುರೂ ನಿಂತರು. ಲಂಡನ್ನಿನಲ್ಲಿ ಕ್ರಿಸ್ಟಲ್ ಪ್ಯಾಲೇಸನ್ನು 4-2ರಿಂದ ಸೋಲಿಸಿದರು, ಇಪ್ಸ್‌ವಿಚ್ ತಂಡದೊಡನೆ ಸಮ ಮಾಡಿಕೊಂಡು ಮರುಪಂದ್ಯದಲ್ಲಿ ತಮ್ಮ ಊರಿನಲ್ಲೇ 3-0ರಿಂದ ಹೊರಹಾಕಿದರು, ನಾಲ್ಕನೆಯ ಸುತ್ತಿನಲ್ಲಿ ಯಾರ್ಕ್ ಸಿಟಿಗೆ ಸೋತರು.

ಈ ತಂಡದಲ್ಲಿ ಯಾರಿದ್ದರು? ಗೋಲ್‌ಕೀಪರ್ ಹ್ಯಾರಿ ಶ್ಯಾರಟ್ ಶಾಲಾ ಶಿಕ್ಷಕರು. ಹಿಮ ಬಿದ್ದ ಪಂದ್ಯವೊಂದರಲ್ಲಿ ಚೆಂಡು ತಮ್ಮ ಕಡೆ ಬಾರದೆ ಬೇಸರವಾಗಿ, ಗೋಲಿನ ಬಳಿ ಹಿಮದ ಗೊಂಬೆಯನ್ನು ಕಟ್ಟಿ ರೆಫರಿಯ ಎಚ್ಚರಿಕೆಗೆ ಗುರಿಯಾದರೆಂದು ಅಲ್ಲಿನ ಜನ ಇಂದಿಗೂ ಹೇಳುತ್ತಾರೆ. ಮುಂಪಡೆಯ ಶೇಮಸ್ ಓಕಾನಲ್ ಕಾರ್ಲೈಲಿನ ದನದ ವ್ಯಾಪಾರಿ ಕುಟುಂಬದವರು. ಹವ್ಯಾಸಿಯಾಗಿದ್ದುಕೊಂಡೇ ಅವರು ಚೆಲ್ಸಿ ತಂಡಕ್ಕೂ ಆಡಿದರು. ಅಲ್ಲಿ ಮೊದಲ ಪಂದ್ಯದಲ್ಲೇ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಮೂರು ಗೋಲು ಹೊಡೆದರು, ಆದರೆ ಯುನೈಟೆಡ್ 6-5ರಿಂದ ಗೆದ್ದಿತು. ಆ ಋತುವಿನ ಕೊನೆಯಲ್ಲಿ ಚೆಲ್ಸಿ ಲೀಗ್ ಚಾಂಪಿಯನ್ ಆಯಿತು, ಬಿಷಪ್ ಆಕ್ಲೆಂಡ್ ಅಮೆಚೂರ್ ಕಪ್ ಗೆದ್ದಿತು. ಎರಡರಲ್ಲೂ ಅವರಿದ್ದರು.

ಎಲ್ಲರಿಗಿಂತ ದೊಡ್ಡ ಹೆಸರು ಬಾಬ್ ಹಾರ್ಡಿಸ್ಟಿಯವರದು. 1921ರಲ್ಲಿ ಹುಟ್ಟಿದ ಅವರೂ ಶಿಕ್ಷಕರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಹವ್ಯಾಸಿ ತಂಡಕ್ಕೆ ಆಡಿದರು. ಆ ತಂಡಕ್ಕೆ ತರಬೇತಿ ಕೊಟ್ಟವರು ಮ್ಯಾಂಚೆಸ್ಟರ್ ಯುನೈಟೆಡ್‌ನ ಮ್ಯಾಟ್ ಬಸ್‌ಬಿ. ಈ ಒಲಿಂಪಿಕ್ಸ್ ನಮಗೂ ಸಂಬಂಧಿಸಿದ್ದು. ಸ್ವತಂತ್ರ ಭಾರತದ ಫುಟ್‌ಬಾಲ್ ತಂಡ ಟಿ. ಆವೊ ಅವರ ನಾಯಕತ್ವದಲ್ಲಿ ಮೊದಲ ಬಾರಿ ಒಲಿಂಪಿಕ್ಸ್ ಆಡಿದ್ದು ಅಲ್ಲಿಯೇ, ಹೆಚ್ಚಿನವರು ಬರಿಗಾಲಿನಲ್ಲಿ. ಜುಲೈ 31ರಂದು ಇಲ್‌ಫರ್ಡ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದವರು ಬೆಂಗಳೂರಿನ ಆಟಗಾರ ಸಾರಂಗಪಾಣಿ ರಾಮನ್. ಎರಡು ಪೆನಾಲ್ಟಿಗಳು ಕೈತಪ್ಪಿದವು, ಕೊನೆಯ ನಿಮಿಷಗಳಲ್ಲಿ ಫ್ರಾನ್ಸ್ ಮತ್ತೊಂದು ಗೋಲು ಹೊಡೆಯಿತು, ನಾವು 2-1ರಿಂದ ಸೋತೆವು. ಮುಂದಿನ ಸುತ್ತಿನಲ್ಲಿ ಅದೇ ಫ್ರಾನ್ಸನ್ನು ಬ್ರಿಟನ್ 1-0ರಿಂದ ಸೋಲಿಸಿತು. ಆ ಒಂದು ಗೋಲು ಬಿಷಪ್ ಆಕ್ಲೆಂಡಿನ ಹಾರ್ಡಿಸ್ಟಿಯವರದು. ಭಾರತ ಮತ್ತು ಬ್ರಿಟನ್ ಎರಡೂ ತಂಡಗಳಲ್ಲಿ ಆಟದಿಂದ ಸಂಬಳ ಪಡೆಯುವವರು ಒಬ್ಬರೂ ಇರಲಿಲ್ಲ ಎಂಬುದನ್ನು ನಾವು ಮರೆಯಬಾರದು.

ಬಸ್‌ಬಿ ಮತ್ತು ಹಾರ್ಡಿಸ್ಟಿ ನಡುವಿನ ಆ ಪರಿಚಯ ಹತ್ತು ವರ್ಷಗಳ ನಂತರ ನೆರವಿಗೆ ಬಂತು. 1958ರ ಫೆಬ್ರವರಿ 6ರಂದು ಮ್ಯೂನಿಕ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವಿದ್ದ ವಿಮಾನ ಅಪಘಾತಕ್ಕೀಡಾಯಿತು. ಸತ್ತ 23 ಮಂದಿಯಲ್ಲಿ ಎಂಟು ಜನ ಆಟಗಾರರು. ಬಸ್‌ಬಿ ಆಸ್ಪತ್ರೆಯಲ್ಲಿದ್ದರು, ಅವರ ಸಹಾಯಕ ಜಿಮ್ಮಿ ಮರ್ಫಿ ಉಳಿದವರನ್ನು ಸೇರಿಸಿ ತಂಡ ಕಟ್ಟಬೇಕಿತ್ತು. ಮೀಸಲು ತಂಡದ ಹುಡುಗರನ್ನೆಲ್ಲ ಮೊದಲ ತಂಡಕ್ಕೆ ಏರಿಸಿದ್ದರಿಂದ ಮೀಸಲು ತಂಡವೇ ಬರಿದಾಯಿತು. ಆಗ ಬಿಷಪ್ ಆಕ್ಲೆಂಡಿನಿಂದ ಮೂವರು ಹೋದರು: ಹಾರ್ಡಿಸ್ಟಿ, ಡೆರೆಕ್ ಲ್ಯೂಯಿನ್, ವಾರೆನ್ ಬ್ರಾಡ್ಲಿ. ಹಾರ್ಡಿಸ್ಟಿಗೆ ಆಗ 37 ವರ್ಷ. ಹಿಂದಿನ ವರ್ಷವಷ್ಟೇ ವೆಂಬ್ಲಿಯಲ್ಲಿ ಕೊನೆಯ ಕಪ್ ಗೆದ್ದಿದ್ದರು. ಅವರು ಮತ್ತೆ ಬೂಟು ತೊಟ್ಟು, ದುಃಖದಲ್ಲಿದ್ದ ಎಳೆಯ ಹುಡುಗರ ನಡುವೆ ಮೀಸಲು ತಂಡದಲ್ಲಿ ಆಡಿದರು. ಬ್ರಾಡ್ಲಿ ಅಲ್ಲಿಯೇ ಉಳಿದರು. ಮುಂದೆ ಮೊದಲ ತಂಡಕ್ಕೆ 67 ಪಂದ್ಯಗಳನ್ನಾಡಿ 21 ಗೋಲು ಹೊಡೆದರು, 1959ರಲ್ಲಿ ಇಂಗ್ಲೆಂಡ್ ತಂಡಕ್ಕೆ ಮೂರು ಪಂದ್ಯ ಆಡಿದರು. ಅಷ್ಟಾದರೂ ಶಿಕ್ಷಕ ವೃತ್ತಿಯನ್ನು ಬಿಡಲಿಲ್ಲ.

ಇಲ್ಲಿ ನಿಮಗೊಂದು ಪ್ರಶ್ನೆ ಬರಬೇಕು. ಇಷ್ಟು ಸಮರ್ಥರಾದವರು ಏಕೆ ಮೊದಲೇ ವೃತ್ತಿಪರರಾಗಲಿಲ್ಲ? ಊರಿನ ಮೇಲಿನ ಅಭಿಮಾನ ಎಂದು ಹೇಳಿ ಸುಮ್ಮನಾಗಬಹುದು, ಆದರೆ ಅದು ಪೂರ್ತಿ ಉತ್ತರವಲ್ಲ. ಇಂಗ್ಲೆಂಡಿನಲ್ಲಿ ವೃತ್ತಿಪರ ಆಟಗಾರನ ವಾರದ ಸಂಬಳಕ್ಕೆ ಗರಿಷ್ಠ ಮಿತಿಯಿತ್ತು. 1958ರಲ್ಲಿ ಅದು 20 ಪೌಂಡ್. ಎಷ್ಟೇ ಪ್ರತಿಭಾವಂತನಾದರೂ ಅದನ್ನು ಮೀರುವಂತಿರಲಿಲ್ಲ. ಮೂವತ್ತೈದಕ್ಕೆ ಮುಗಿದುಹೋಗುವ ಆ ಕೆಲಸಕ್ಕಾಗಿ ಪಿಂಚಣಿಯಿರುವ ಶಿಕ್ಷಕ ಹುದ್ದೆಯನ್ನು ಬಿಡುವುದು ಓದಿದವನಿಗೆ ಲಾಭವಾಗಿರಲಿಲ್ಲ. ಶಾಲೆಯ ಸಂಬಳದ ಜೊತೆ ಕ್ಲಬ್ಬಿನಿಂದ ಬರುವ ಭತ್ಯೆಯನ್ನೂ ಸೇರಿಸಿದರೆ ಹವ್ಯಾಸಿಯ ಬದುಕೇ ಹೆಚ್ಚು ಭದ್ರ. ಅಂದರೆ ಬಿಷಪ್ ಆಕ್ಲೆಂಡಿನ ಸುವರ್ಣಯುಗ ನಿಂತಿದ್ದು ವೃತ್ತಿಪರರಿಗೆ ಹಾಕಿದ್ದ ಒಂದು ಕಟ್ಟಳೆಯ ಮೇಲೆ. 1961ರ ಜನವರಿಯಲ್ಲಿ ಆ ಮಿತಿ ರದ್ದಾಯಿತು. ಸಂಬಳ ಏರಿತು, ಪ್ರತಿಭಾವಂತ ಹುಡುಗ ಹವ್ಯಾಸಿಯಾಗಿ ಉಳಿಯಲು ಇದ್ದ ಕಾರಣ ಕರಗಿತು. 1957ರ ಬಳಿಕ ಕ್ಲಬ್ಬು ಅಮೆಚೂರ್ ಕಪ್ಪಿನ ಅಂತಿಮ ಪಂದ್ಯವನ್ನು ಮತ್ತೆಂದೂ ಮುಟ್ಟಲಿಲ್ಲ. ಅದೇ ದಶಕದಲ್ಲಿ ಡರಮ್‌ನ ಗಣಿಗಳು ಒಂದೊಂದಾಗಿ ಮುಚ್ಚತೊಡಗಿದವು, ದುಡಿಯುವ ಕುಟುಂಬಗಳು ಬೇರೆಡೆಗೆ ಹೊರಟವು. ಆಟಗಾರನನ್ನು ಸಾಕುತ್ತಿದ್ದ ಮತ್ತು ಪ್ರೇಕ್ಷಕನನ್ನು ಕಳಿಸುತ್ತಿದ್ದ ಮನೆಗಳೆರಡೂ ಒಟ್ಟಿಗೇ ಬಡವಾದವು.

1974ರಲ್ಲಿ ಅಸೋಸಿಯೇಷನ್ ಹವ್ಯಾಸಿ ಮತ್ತು ವೃತ್ತಿಪರ ಎಂಬ ಭೇದವನ್ನೇ ಅಳಿಸಿಹಾಕಿತು. ಆ ವರ್ಷವೇ ಕೊನೆಯ ಅಮೆಚೂರ್ ಕಪ್ ನಡೆಯಿತು. ಹಗಲು ಬೇರೆ ಕೆಲಸ ಮಾಡಿ, ವಾರಕ್ಕಿಷ್ಟು ಎಂದು ಬಹಿರಂಗವಾಗಿ ಹಣ ಪಡೆದು ಆಡುವವರ ಅರೆವೃತ್ತಿಪರ ಫುಟ್‌ಬಾಲಿಗೆ ಈಗ ಯಾವ ಮುಚ್ಚುಮರೆಯೂ ಬೇಕಾಗಲಿಲ್ಲ. ಬೂಟಿನೊಳಗಿನ ಹಣ ಲೆಕ್ಕದ ಪುಸ್ತಕಕ್ಕೆ ಬಂತು. ಇದು ನ್ಯಾಯವಾದ ತೀರ್ಮಾನ ಎಂದೇ ನಾನು ನಂಬುತ್ತೇನೆ. ಆದರೆ ಸಣ್ಣ ಊರಿನ ಕ್ಲಬ್ಬು ಆಡಿ ಗೆಲ್ಲಬಹುದಾದ ವೆಂಬ್ಲಿಯ ಆ ಒಂದು ದೊಡ್ಡ ದಿನ ಅದರ ಜೊತೆಗೇ ಹೊರಟುಹೋಯಿತು. ಬದಲಿಗೆ ಬಂದ ಎಫ್‌ಎ ವೇಸ್ ಮೊದಲಾದ ಸ್ಪರ್ಧೆಗಳು ಲಕ್ಷ ಜನರನ್ನು ಎಂದೂ ಸೆಳೆಯಲಿಲ್ಲ.

ಇಷ್ಟರಲ್ಲಿ ಲೀಗ್‌ಗಳನ್ನು ಒಂದರ ಮೇಲೊಂದು ಜೋಡಿಸಿ, ಕೆಳಗಿನವರು ಗೆದ್ದು ಮೇಲೇರುವ ವ್ಯವಸ್ಥೆ ದೇಶದಾದ್ಯಂತ ರೂಪುಗೊಳ್ಳುತ್ತಿತ್ತು. ನಾರ್ದರ್ನ್ ಲೀಗ್ ತನ್ನ ಹಿರಿತನದ ಅಭಿಮಾನದಿಂದ ಅದರಿಂದ ದೂರ ನಿಂತಿತು. ಆ ನಿಲುವಿನ ಹಿಂದಿನ ಭಾವನೆಯನ್ನು ನಾನು ಗೌರವಿಸುತ್ತೇನೆ, ಆದರೆ ಅದು ಸದಸ್ಯ ಕ್ಲಬ್ಬುಗಳಿಗೆ ಅಮೂಲ್ಯವಾದ ವರ್ಷಗಳನ್ನು ಕಳೆಯಿತು. ಬಿಷಪ್ ಆಕ್ಲೆಂಡ್ ತಾನೇ ಸ್ಥಾಪಿಸಿದ್ದ, ಹತ್ತೊಂಬತ್ತು ಬಾರಿ ಗೆದ್ದಿದ್ದ ಆ ಲೀಗನ್ನು 1988ರಲ್ಲಿ ಬಿಟ್ಟು ಮೇಲಿನ ಹಂತದ ನಾರ್ದರ್ನ್ ಪ್ರೀಮಿಯರ್ ಲೀಗಿಗೆ ಸೇರಿತು.

ಮೇಲೇರಲು ಹೊರಟಾಗ ಎದುರಾದದ್ದು ನೆಲದ ಪ್ರಶ್ನೆ. ಕ್ಲಬ್ಬಿನ ಹಳೆಯ ಮೈದಾನ ಕಿಂಗ್ಸ್‌ವೇ ಊರಿನ ಮಧ್ಯದಲ್ಲಿತ್ತು. 1952ರ ಡಿಸೆಂಬರಿನಲ್ಲಿ ಕವೆಂಟ್ರಿ ಸಿಟಿ ವಿರುದ್ಧದ ಎಫ್‌ಎ ಕಪ್ ಪಂದ್ಯಕ್ಕೆ ಅಲ್ಲಿ 17,000 ಜನ ಸೇರಿದ್ದರು. ಆದರೆ ಅದು ಊರಿನ ಕ್ರಿಕೆಟ್ ಕ್ಲಬ್ಬಿನೊಂದಿಗೆ ಹಂಚಿಕೊಂಡ ಮೈದಾನ. ಫುಟ್‌ಬಾಲ್ ಅಂಕಣಕ್ಕೆ ಮೂರು ಬದಿಗಳಲ್ಲಿ ಮಾತ್ರ ಪ್ರೇಕ್ಷಕರು ನಿಲ್ಲುವ ಕಟ್ಟೆಗಳಿದ್ದವು. ನಾಲ್ಕನೆಯ ಬದಿ ಕ್ರಿಕೆಟ್ ಅಂಗಳಕ್ಕೆ ತೆರೆದುಕೊಂಡಿತ್ತು. ಅಲ್ಲಿ ಏನನ್ನೂ ಕಟ್ಟುವಂತಿರಲಿಲ್ಲ. ಹವ್ಯಾಸಿಗಳ ಕಾಲದಲ್ಲಿ ಇದು ಯಾರಿಗೂ ಕೊರತೆ ಎನಿಸಲಿಲ್ಲ. 1980ರ ದಶಕದ ಕ್ರೀಡಾಂಗಣ ದುರಂತಗಳ ಬಳಿಕ ಸುರಕ್ಷತೆಯ ನಿಯಮಗಳು ಬಿಗಿಯಾದವು, ಮೇಲಿನ ಲೀಗ್‌ಗಳು ಆಸನ, ಬೇಲಿ, ದೀಪಗಳ ಬಗ್ಗೆ ಷರತ್ತು ಹಾಕತೊಡಗಿದವು. ಆಗ ಗೋಲು ಹೊಡೆಯುವುದರಷ್ಟೇ ಮುಖ್ಯವಾದದ್ದು ಗೋಡೆ ಕಟ್ಟುವ ಹಕ್ಕು. ಅದು ಕ್ಲಬ್ಬಿನ ಕೈಯಲ್ಲಿ ಇರಲಿಲ್ಲ.

2001ರಲ್ಲಿ ಕ್ಲಬ್ಬು ಕಿಂಗ್ಸ್‌ವೇಯನ್ನು ಬಿಟ್ಟಿತು. ಹೊಸ ಮೈದಾನ ಇನ್ನೂ ಸಿದ್ಧವಿರಲಿಲ್ಲ. ಮುಂದಿನ ಸುಮಾರು ಒಂಬತ್ತು ವರ್ಷ ಬಿಷಪ್ ಆಕ್ಲೆಂಡ್ ತನ್ನ ‘ಸ್ವಂತ ಊರಿನ’ ಪಂದ್ಯಗಳನ್ನು ನೆರೆಹೊರೆಯ ಊರುಗಳಲ್ಲಿ, ಅಲ್ಲಿನ ಕ್ಲಬ್ಬುಗಳ ಮೈದಾನಗಳಲ್ಲಿ ಬಾಡಿಗೆಗೆ ಆಡಿತು. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಸಾಮಾನು ಹೊತ್ತು ತಿರುಗುವ ಸಂಸಾರದ ಸ್ಥಿತಿಯೇ ಅದರದಾಯಿತು. ಟಿಕೆಟ್ಟಿನ ಹಣದಲ್ಲಿ ಪಾಲು ಕೊಡಬೇಕು, ಪಾನೀಯ ಮತ್ತು ತಿಂಡಿಯ ಮಾರಾಟದಿಂದ ಬರುತ್ತಿದ್ದ ಆದಾಯ ಇಲ್ಲ, ನಡೆದುಬರುತ್ತಿದ್ದ ಹಿರಿಯ ಪ್ರೇಕ್ಷಕ ಬಸ್ಸು ಹಿಡಿದು ಬರುವುದಿಲ್ಲ. 2006ರಲ್ಲಿ ತಂಡ ಮತ್ತೆ ನಾರ್ದರ್ನ್ ಲೀಗಿಗೆ ಇಳಿಯಿತು. ಈ ಒಂಬತ್ತು ವರ್ಷಗಳಲ್ಲಿ ಸಮಿತಿಯ ಸದಸ್ಯರು, ಅಂಗಿ ಒಗೆಯುವವರು, ಗೇಟಿನಲ್ಲಿ ನಿಂತು ಹಣ ವಸೂಲು ಮಾಡುವವರು ಸಂಬಳವಿಲ್ಲದೆ ದುಡಿದು ಕ್ಲಬ್ಬನ್ನು ಉಳಿಸಿಕೊಂಡರು. ಆಟಗಾರ ಹಣ ಪಡೆಯುವ ಈ ಕಾಲದಲ್ಲಿ ನಿಜವಾದ ಹವ್ಯಾಸಿಗಳಾಗಿ ಉಳಿದಿರುವವರು ಇವರೇ. ಇವರ ಹೆಸರುಗಳು ಯಾವ ದಾಖಲೆ ಪುಸ್ತಕದಲ್ಲೂ ಇರುವುದಿಲ್ಲ ಎಂಬುದು ನನ್ನನ್ನು ಬಹಳ ಕಾಡುತ್ತದೆ.

ಹಳೆಯ ಋಣವನ್ನು ನೆನಪಿಟ್ಟವರೂ ಇದ್ದರು. 1996ರಲ್ಲಿ ಕ್ಲಬ್ಬು ಹಣದ ತೀವ್ರ ಮುಗ್ಗಟ್ಟಿನಲ್ಲಿದ್ದಾಗ ಮ್ಯಾಂಚೆಸ್ಟರ್ ಯುನೈಟೆಡ್ ಅದಕ್ಕಾಗಿ ಸಹಾಯಾರ್ಥ ಪಂದ್ಯ ಆಡಿತು. 1958ರಲ್ಲಿ ಮೂವರು ಕೊಟ್ಟದ್ದಕ್ಕೆ ಮೂವತ್ತೆಂಟು ವರ್ಷಗಳ ನಂತರ ಬಂದ ಉತ್ತರ ಅದು. 2010ರಲ್ಲಿ ಊರಿನ ಅಂಚಿನ ಟಿಂಡೇಲ್ ಬಳಿ ಹೆರಿಟೇಜ್ ಪಾರ್ಕ್ ಎಂಬ ಹೊಸ ಮೈದಾನ ತೆರೆಯಿತು. ಸುಮಾರು 2,000 ಜನ ಹಿಡಿಸುವ, ನಾಲ್ಕೂ ಬದಿಗಳಿರುವ ಮೈದಾನ.

ಈಗ ನೀವು ಬರೆದಿಟ್ಟುಕೊಂಡ ಎರಡು ಹೆಸರುಗಳಿಗೆ ಬರುತ್ತೇನೆ. 1957ರಲ್ಲಿ ಬಿಷಪ್ ಆಕ್ಲೆಂಡಿಗೆ ಸೋತ ವಿಕಮ್ ವಾಂಡರರ್ಸ್ 1993ರಲ್ಲಿ ವೃತ್ತಿಪರ ಫುಟ್‌ಬಾಲ್ ಲೀಗನ್ನು ಸೇರಿತು, 2020ರಲ್ಲಿ ಅದರ ಎರಡನೆಯ ಹಂತದವರೆಗೂ ಏರಿತು. ಇದು ಹೇಗೆ ಸಾಧ್ಯವಾಯಿತು? ಲಂಡನ್ನಿನ ಸಮೀಪದ ಶ್ರೀಮಂತ ಪಟ್ಟಣವೆಂಬುದು ಒಂದು ಕಾರಣ, ಸರಿ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಇನ್ನೊಂದು. ಅವರ ಹಿಂದಿನ ನಾಯಕ ಫ್ರಾಂಕ್ ಆಡಮ್ಸ್ ಅವರು 1947ರಲ್ಲಿ ಲೋಕ್ಸ್ ಪಾರ್ಕ್ ಮೈದಾನದ ಪೂರ್ಣ ಒಡೆತನವನ್ನು ಪಡೆದು ಕ್ಲಬ್ಬಿಗೆ ದಾನ ಮಾಡಿದ್ದರು. ಪಕ್ಕದ ಆಸ್ಪತ್ರೆಯ ವಿಸ್ತರಣೆಗೆ ಆ ನೆಲ ಬೇಕಾದಾಗ ಕ್ಲಬ್ಬು ಅದನ್ನು ಮಾರಿತು, ಬಂದ ಹಣದಿಂದ ಹೊಸ ಕ್ರೀಡಾಂಗಣ ಕಟ್ಟಿ 1990ರಲ್ಲಿ ಅದಕ್ಕೆ ದಾನಿಯ ಹೆಸರನ್ನೇ ಇಟ್ಟಿತು. ಮೂರು ವರ್ಷಗಳಲ್ಲಿ ಅದು ಲೀಗಿನಲ್ಲಿತ್ತು.

1935ರಲ್ಲಿ ಸೋತ ವಿಂಬಲ್ಡನ್ ಇದಕ್ಕಿಂತಲೂ ಎತ್ತರಕ್ಕೆ ಹೋಯಿತು. 1977ರಲ್ಲಿ ಲೀಗಿಗೆ ಬಂದು, 1988ರಲ್ಲಿ ಲಿವರ್‌ಪೂಲ್ ತಂಡವನ್ನು ಸೋಲಿಸಿ ಎಫ್‌ಎ ಕಪ್ಪನ್ನೇ ಗೆದ್ದಿತು. ಮೂರು ವರ್ಷಗಳ ಬಳಿಕ, 1991ರಲ್ಲಿ, ಅದು ತನ್ನ ಪ್ಲಾ ಲೇನ್ ಮೈದಾನವನ್ನು ತೊರೆದು ಬೇರೊಂದು ಕ್ಲಬ್ಬಿನ ಮೈದಾನದಲ್ಲಿ ಆಡತೊಡಗಿತು. 2003ರಲ್ಲಿ ಮಾಲೀಕರು ಇಡೀ ತಂಡವನ್ನೇ ಮಿಲ್ಟನ್ ಕೀನ್ಸ್ ಎಂಬ ಬೇರೆ ಪಟ್ಟಣಕ್ಕೆ ಸಾಗಿಸಿಬಿಟ್ಟರು. ಅದು ನಡೆಯುತ್ತದೆಂದು ತಿಳಿದ 2002ರಲ್ಲೇ ಅಭಿಮಾನಿಗಳು ತಮ್ಮದೇ ಹೊಸ ಕ್ಲಬ್ಬನ್ನು ಕೆಳಗಿನ ಹಂತದಿಂದ ಆರಂಭಿಸಿದರು, ಮತ್ತು 2020ರಲ್ಲಿ ಪ್ಲಾ ಲೇನಿಗೆ ಹಿಂತಿರುಗಿದರು.

1950ರ ದಶಕದಲ್ಲಿಯೇ ಬಿಷಪ್ ಆಕ್ಲೆಂಡ್ ವೃತ್ತಿಪರವಾಗಿದ್ದರೆ ಇಂದು ಎಲ್ಲಿರುತ್ತಿತ್ತು ಎಂದು ಕೇಳುವವರಿಗೆ ನನ್ನ ಉತ್ತರ ಹೀಗಿದೆ. ಅದೇ ಕೌಂಟಿಯ ಡರಮ್ ಸಿಟಿ 1921ರಲ್ಲಿ ವೃತ್ತಿಪರ ಲೀಗನ್ನು ಸೇರಿ 1928ರಲ್ಲಿ ಮತದಾನದಲ್ಲಿ ಹೊರಬಿತ್ತು. ಗೇಟ್ಸ್‌ಹೆಡ್ 1960ರಲ್ಲಿ ಹೊರಬಿತ್ತು. ಗಣಿಗಳು ಮುಚ್ಚುತ್ತಿದ್ದ ನಾಡಿನಲ್ಲಿ, ತನ್ನದೆನ್ನಲಾಗದ ಮೂರು ಬದಿಯ ಮೈದಾನದಲ್ಲಿ ನಿಂತು, ಹನ್ನೊಂದು ಜನರಿಗೆ ಪೂರ್ತಿ ಸಂಬಳ ಕೊಡಲು ಹೊರಟಿದ್ದರೆ ಬಿಷಪ್ ಆಕ್ಲೆಂಡ್ ಕೂಡ ಅದೇ ದಾರಿ ಹಿಡಿಯುತ್ತಿತ್ತು ಎಂದು ನಾನು ಭಾವಿಸುತ್ತೇನೆ. ಹವ್ಯಾಸಿಯಾಗಿ ಉಳಿದದ್ದು ಅದು ಮಾಡಿದ ತಪ್ಪಲ್ಲ. ವೆಂಬ್ಲಿಯ ಪಂದ್ಯಗಳಿಂದ ಮತ್ತು ಕಿಂಗ್ಸ್‌ವೇಯ ಹದಿನೇಳು ಸಾವಿರ ಜನರಿಂದ ಹಣ ಹರಿದುಬರುತ್ತಿದ್ದ ಆ ದಿನಗಳಲ್ಲಿ, ಆಡಮ್ಸ್ ಅವರು ವಿಕಮ್‌ಗೆ ಮಾಡಿಕೊಟ್ಟಂತೆ, ನಾಲ್ಕು ಬದಿ ಕಟ್ಟಿಕೊಳ್ಳಬಹುದಾದ ಒಂದು ತುಂಡು ನೆಲವನ್ನು ಕ್ಲಬ್ಬಿನ ಹೆಸರಿಗೆ ಬರೆಸಿಕೊಳ್ಳಲು ಆಗಲಿಲ್ಲ. ಆ ನೆಲಕ್ಕಾಗಿ ಅದು 2010ರವರೆಗೆ ಕಾಯಬೇಕಾಯಿತು.